ನೀಲಿ ನೀರು ಕಾಣದ ಗಾಜು

ನನ್ನ ತಮ್ಮನಿಗೆ ನಾನು ಹೊಡೆದ ಏಟುಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಮರೆತುಹೋಗಿವೆ ಎಂದು ಅವನೇ ಹೇಳುತ್ತಾನೆ. ಒಂದು ಕಪಾಳದ ಏಟು ಮಾತ್ರ ಅವನಿಗೂ ಮರೆತಿಲ್ಲ, ನನಗೂ ಮರೆತಿಲ್ಲ. ಆ ಏಟಿನ ಬೆನ್ನಿಗೇ ನಾನು ಮಾಡಿದ ಒಂದು ಕೆಲಸದಿಂದ ಅವನ ಎಡಗಣ್ಣು ಹೋಯಿತು.

ನಮ್ಮ ಮನೆಗೆ ಹೊಡೆತ ಹೊಸದಲ್ಲ. ಅಪ್ಪ ಕಲಬುರಗಿ ಕಡೆಯವನು, ಹೈದರಾಬಾದಿನ ಒಂದು ಸರಕಾರಿ ಸಂಶೋಧನಾ ಸಂಸ್ಥೆಯ ಜೀಪು ಓಡಿಸುತ್ತಿದ್ದ. ಸಂಜೆ ಬಂದು ಖಾಕಿ ಪ್ಯಾಂಟಿನ ಬೆಲ್ಟು ಬಿಚ್ಚುವಾಗ ಅವ್ವ ಒಲೆಯ ಕಡೆ ಮುಖ ತಿರುಗಿಸಿ ಕೂಡುತ್ತಿದ್ದಳು. ಬೆಲ್ಟು ಗೂಟಕ್ಕೆ ಹೋದರೆ ಆ ದಿನ ಒಳ್ಳೆಯದು. ಹೋಗದಿದ್ದರೆ ಅದು ನನ್ನ ಬೆನ್ನಿಗೆ. ತಪ್ಪು ತಮ್ಮನದಾದರೂ ಅಪ್ಪನಿಗೆ ನಾನೇ ಬೇಕಾಗುತ್ತಿತ್ತು. "ದೊಡ್ಡಾವ ನೀ. ಅವ ಕೆಟ್ಟರ ಕೆಡಿಸಿದಾವ ನೀನ," ಅನ್ನುತ್ತಿದ್ದ. ಹಿತ್ತಾಳೆಯ ಬಕಲು ಬಿದ್ದಲ್ಲಿ ಚರ್ಮ ಕಿತ್ತು ಬರುತ್ತಿತ್ತು. ಮರುದಿನ ನಾನು ತಮ್ಮನನ್ನು ನೀರಿನ ಟಾಕಿಯ ಹಿಂದೆ ಎಳೆದೊಯ್ದು ಅಷ್ಟನ್ನೂ ಅವನ ಬೆನ್ನಿಗೆ ದಾಟಿಸುತ್ತಿದ್ದೆ. ಅವನು ಒಮ್ಮೆಯೂ ತಿರುಗಿ ಹೊಡೆಯಲಿಲ್ಲ. ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂಡುತ್ತಿದ್ದ. "ಬೆನ್ನಿಗೆ ಹೊಡಿ ಅಣ್ಣಾ, ಕಣ್ಣಿಗೆ ಬ್ಯಾಡ," ಎಂದಷ್ಟೇ ಕೇಳಿಕೊಳ್ಳುತ್ತಿದ್ದ.

ನಾನು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಒಂದು ದಿನ ಮಾಸ್ತರರು ಕಿವಿ ಹಿಂಡಿದಾಗ ಕೈಗೆ ಸಿಕ್ಕ ಕಂಪಾಸಿನ ಡಬ್ಬಿ ತಗೊಂಡು ಅವರ ಹಣೆಗೆ ಬೀಸಿದೆ. ರಕ್ತ ಅವರ ಬಿಳಿ ಅಂಗಿಯ ತನಕ ಇಳಿಯಿತು. ಶಾಲೆ ಅಲ್ಲಿಗೆ ಮುಗಿಯಿತು. ಅಪ್ಪ ಆ ದಿನ ಬೆಲ್ಟು ಬಿಟ್ಟು ಜೀಪಿನ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಹಿಡಿದು ಬಂದಿದ್ದ. ನನ್ನ ಬಲ ಮೊಣಕೈ ಈಗಲೂ ಪೂರ್ತಿ ಮಡಚುವುದಿಲ್ಲ.

ಅಪ್ಪ ನೌಕರಿಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋದ. ಆ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಜೀಪು ಓಡಿಸಲು ಬಾರದ ನನ್ನನ್ನು ಉಪ್ಪಲ್ ಕಡೆಯ ಆವರಣದ ಹಿಂದಿನ ಕಟ್ಟಡಕ್ಕೆ ಹೆಲ್ಪರ್ ಎಂದು ಹಾಕಿದರು. ಅದು ಕಣ್ಣಿಗೆ ಕಾಣದ ಜೀವಗಳನ್ನು ಸರಕಾರದ ಖರ್ಚಿನಲ್ಲಿ ಕಾಪಾಡಿ ಇಡುವ ಜಾಗ. ಮೊಸರು ಹೆಪ್ಪಾಗಿಸುವಂಥವು, ಹಿಟ್ಟು ಉಬ್ಬಿಸುವಂಥವು, ಔಷಧ ಕೊಡುವ ಬೂಷ್ಟುಗಳು, ಹೊಲದ ಮಣ್ಣಿನವು, ಗಟಾರದವು. ಎಲ್ಲವನ್ನೂ ಕಲ್ಚರ್ ಅನ್ನುತ್ತಾರೆ. ಕಾಲೇಜಿನವರಿಗೆ ಬೇಕಾದರೆ, ಕಾರ್ಖಾನೆಯವರಿಗೆ ಬೇಕಾದರೆ ಅಲ್ಲಿಂದ ಕಳಿಸುತ್ತಾರೆ.

ಕಾಪಾಡುವ ಜಾಗ ಎಂದೆ. ಆದರೆ ನನ್ನ ಕೆಲಸವೆಲ್ಲ ಕೊಲ್ಲುವುದೇ ಆಗಿತ್ತು. ಹಳೆಯ ಕಲ್ಚರುಗಳ ಬುಡ್ಡಿಗಳನ್ನು ಆಟೋಕ್ಲೇವ್ ಎಂಬ ಭಾರಿ ಪ್ರೆಶರ್ ಕುಕ್ಕರಿಗೆ ತುಂಬಿ, ಮುಚ್ಚಳ ಬಿಗಿದು, ಉಗಿಯಲ್ಲಿ ಬೇಯಿಸುವುದು. ತೆರೆದಾಗ ಬರುವ ವಾಸನೆ ಸತ್ತ ಇಲಿ ಮತ್ತು ಹುಳಿ ಹಿಟ್ಟು ಕೂಡಿದಂತೆ. ಒಮ್ಮೆ ಉಗಿ ಪೂರ್ತಿ ಇಳಿಯುವ ಮೊದಲೇ ಒಬ್ಬ ಹಳೆಯ ಹೆಲ್ಪರ್ ಮುಚ್ಚಳ ಬಿಚ್ಚಿದ. ಅವನ ಕುತ್ತಿಗೆಯ ಚರ್ಮ ಶರ್ಟಿನ ಕಾಲರಿನ ಜೊತೆಗೇ ಬಂತು. ಅವನನ್ನು ಎತ್ತಿ ಹೊರಗೆ ತಂದವನು ನಾನು. ಕೈ ನಡುಗಲಿಲ್ಲ. ಹೊಡೆತ ನೋಡಿ ಬೆಳೆದವನಿಗೆ ಇದೇನು ಎಂದುಕೊಂಡೆ.

ಆ ನಡುಗದ ಕೈ ನೋಡಿಯೇ ಮೇಡಂ ನನಗೆ ಸೀಲ್ ಮಾಡುವುದನ್ನು ಕಲಿಸಿದರು. ಮೇಡಂ ಎಂದರೆ ಆ ವಿಭಾಗದ ಮುಖ್ಯಸ್ಥೆ, ತೆಲುಗಿನವರು. ಕಿರುಬೆರಳಿಗಿಂತ ತೆಳುವಾದ ಗಾಜಿನ ಕೊಳವೆಯಲ್ಲಿ, ಅಂದರೆ ಆಂಪೂಲಿನಲ್ಲಿ, ಕಲ್ಚರ್ ಹಾಕುತ್ತಾರೆ. ಅದರ ಕತ್ತನ್ನು ಗ್ಯಾಸಿನ ಉರಿಯಲ್ಲಿ ತಿರುಗಿಸುತ್ತಾ, ಗಾಜು ಮೆತ್ತಗಾದ ಕ್ಷಣ ಇಕ್ಕಳದಿಂದ ಎಳೆದು ಮುಚ್ಚಬೇಕು. ಆಮೇಲೆ ಆ ಆಂಪೂಲನ್ನು ದ್ರವ ನೈಟ್ರೋಜನ್ ತುಂಬಿದ ಟ್ಯಾಂಕಿನಲ್ಲಿ ಮುಳುಗಿಸಿ ಇಡುತ್ತಾರೆ. ಬೆರಳು ಇಟ್ಟರೆ ಬೆರಳು ಸುಟ್ಟು ಹೋಗುವಷ್ಟು ತಂಪು. ಆ ತಂಪಿನಲ್ಲಿ ಜೀವ ಸಾಯದೆ ನಿಂತುಬಿಡುತ್ತದೆ, ವರ್ಷಗಟ್ಟಲೆ.

ಗಾಜಿನ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನೈಟ್ರೋಜನ್ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ತೆಗೆದಾಗ ಅದು ಒಮ್ಮೆಲೇ ಗಾಳಿಯಾಗಿ ಉಬ್ಬುತ್ತದೆ. ಸಣ್ಣ ಸಂದಿನಿಂದ ಹೊರಬರಲಾಗದೆ ಗಾಜನ್ನೇ ಸಿಡಿಸುತ್ತದೆ. ಅದಕ್ಕಾಗಿಯೇ ಸೀಲ್ ಮಾಡಿದ ಪ್ರತಿ ಆಂಪೂಲನ್ನೂ ಮೊದಲು ತಣ್ಣಗಿನ ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ ಇಡಬೇಕು. ಸಂದಿದ್ದರೆ ಒಳಗೆ ನೀಲಿ ಕಾಣುತ್ತದೆ. ಕಂಡದ್ದನ್ನು ಬೇಯಿಸಿ ಎಸೆಯಬೇಕು. ಎಲ್ಲರ ತಟ್ಟೆಯಲ್ಲೂ ಒಂದೆರಡು ನೀಲಿಯಾಗುತ್ತಿದ್ದವು. ನನ್ನ ತಟ್ಟೆಯಲ್ಲಿ ಆಗುತ್ತಿರಲಿಲ್ಲ. ಮೇಡಂ ಹೊರಗಿನಿಂದ ಬಂದವರಿಗೆ ನನ್ನ ಕೆಲಸ ಕರೆದು ತೋರಿಸುತ್ತಿದ್ದರು. ಜೀವಮಾನದಲ್ಲಿ ನನ್ನ ಕೈಯನ್ನು ಹೊಗಳಿದವರು ಅವರೊಬ್ಬರೇ.

ಅಷ್ಟರಲ್ಲಿ ತಮ್ಮ ಎಂ.ಎಸ್ಸಿ. ಮುಗಿಸಿ ಅದೇ ವಿಭಾಗಕ್ಕೆ ಪ್ರಾಜೆಕ್ಟಿನ ಕೆಲಸಕ್ಕೆ ಬಂದ. ನಾನು ತಿಂಗಳ ಪಗಾರಿನಲ್ಲಿ ಓದಿಸಿದ ಹುಡುಗ ಎಂದು ಹೆಮ್ಮೆ ಇತ್ತು. ಅವನು ಬಿಳಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂಡುವುದು, ನಾನು ನಿಂತು ಬುಡ್ಡಿ ಎತ್ತುವುದು ಕಂಡಾಗ ಬುಡ್ಡಿಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ ಎಂಬುದೂ ನಿಜ. ಕ್ಯಾಂಟೀನಿನಲ್ಲಿ ಯಾರೋ ತಮಾಷೆಗೆ, "ಮನ್ಯಾಗ ಯಾರು ಯಾರಿಗೆ ಸರ್ ಅಂತೀರಿ?" ಎಂದರೆ ತಮ್ಮ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಆ ದಿನ ಕಾಲೇಜಿನಿಂದ ಹುಡುಗ ಹುಡುಗಿಯರ ಒಂದು ಗುಂಪು ಬಂದಿತ್ತು. ನಾನು ಸೀಲ್ ಮಾಡುತ್ತಿದ್ದೆ. ತಟ್ಟೆಯಲ್ಲಿದ್ದದ್ದು ಮೇಡಂ ಚರ್ಮ ಹದ ಮಾಡುವ ಜಾಗದ ಗಟಾರದಿಂದ ತಂದ ಒಂದು ಬೂಷ್ಟು. ಸುಣ್ಣವಿಲ್ಲದೆ ತೊಗಲಿನ ಕೂದಲು ಉದುರಿಸುವ ಗುಣ ಅದಕ್ಕಿತ್ತು. ಒಣಗಿಸಿ ಇಟ್ಟರೆ ಸಾಯುತ್ತಿತ್ತು, ಬುಡ್ಡಿಯಲ್ಲಿ ಬೆಳೆಸುತ್ತಾ ಹೋದರೆ ಗುಣ ಕಳೆದುಕೊಳ್ಳುತ್ತಿತ್ತು. ಗುಣ ಉಳಿಯುವುದು ನೈಟ್ರೋಜನ್ನಿನಲ್ಲಿ ಮಾತ್ರ. ತಮ್ಮ ಹುಡುಗರಿಗೆ ವಿವರಿಸುತ್ತಾ ನನ್ನ ತಟ್ಟೆಯಿಂದ ಒಂದು ಆಂಪೂಲ್ ತೆಗೆದು ಬೆಳಕಿಗೆ ಹಿಡಿದ.

"ಅಣ್ಣಾ, ಇದರ ತುದಿ ಯಾಕೋ ಸರಿ ಕೂಡಿಲ್ಲ. ಸೋರತದೇನೋ ನೋಡು."

ಮಾತು ಮೆತ್ತಗೇ ಇತ್ತು. ಒಬ್ಬ ಹುಡುಗಿ ಬಗ್ಗಿ ನೋಡಿದಳು. ನಾನು ಇಕ್ಕಳ ಕೆಳಗಿಟ್ಟು ಅವನ ಕಪಾಳಕ್ಕೆ ಬಾರಿಸಿದೆ. ಕನ್ನಡಕ ಹಾರಿ ಗೋಡೆಗೆ ಬಿತ್ತು. ಬಾಯಿಯ ಮೂಲೆಯಿಂದ ರಕ್ತ ಜಿನುಗಿತು. ಅವನ ಎರಡೂ ಕೈ ತಾವಾಗಿಯೇ ಕಣ್ಣಿಗೆ ಹೋದವು. ನಂತರ ಎಲ್ಲರೂ ನೋಡುತ್ತಿರುವುದು ನೆನಪಾಗಿ, ಕೈ ಇಳಿಸಿ, ಕನ್ನಡಕ ಹುಡುಕಿ ಹಾಕಿಕೊಂಡು, "ಬರ್ರಿ, ಆ ಕಡೆ ತೋರಸ್ತೀನಿ," ಎಂದು ಹುಡುಗರನ್ನು ಕರೆದುಕೊಂಡು ಹೋದ.

ನಾನು ಮತ್ತೆ ಉರಿಯ ಮುಂದೆ ಕೂತೆ. ಆಗ ಮೊದಲ ಸಲ ನನ್ನ ಕೈ ನಡುಗುತ್ತಿತ್ತು. ತಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಆ ಕೈಯಲ್ಲೇ ಸೀಲ್ ಮಾಡಿದೆ. ನೀಲಿ ನೀರಿನ ಪಾತ್ರೆ ಫ್ರಿಜ್ಜಿನಲ್ಲಿ ಸಿದ್ಧವಿತ್ತು. ಬಾಗಿಲು ತೆಗೆದೆ, ನೋಡಿದೆ. ಒಂದಾದರೂ ನೀಲಿಯಾದರೆ ತಮ್ಮ ಹೇಳಿದ್ದು ಖರೆ ಆಗುತ್ತಿತ್ತು. ಅವನಿಗೆ ಹೊಡೆದದ್ದು ತಪ್ಪಾಗುತ್ತಿತ್ತು. ಫ್ರಿಜ್ಜಿನ ಬಾಗಿಲು ಹಾಕಿದೆ. ಒಂದನ್ನೂ ಮುಳುಗಿಸಲಿಲ್ಲ.

ಸಂಜೆ ಮೇಡಂ ತೆಲುಗಿನಲ್ಲಿ, "ಡೈ ಟೆಸ್ಟ್ ಅಯ್ಯಿಂದಾ?" ಎಂದು ಕೇಳಿದರು. ನೀಲಿ ನೀರಿನ ಪರೀಕ್ಷೆ ಆಯಿತೇ ಎಂದು.

"ಅಯ್ಯಿಂದಿ ಮೇಡಂ," ಎಂದೆ. ಆಯಿತು.

ತಟ್ಟೆಯಲ್ಲಿದ್ದವೆಲ್ಲ ಟ್ಯಾಂಕಿಗೆ ಇಳಿದವು.

ಮುಂದಿನ ಮಳೆಗಾಲಕ್ಕೆ ಒಂದು ಕಂಪನಿ ಆ ಬೂಷ್ಟನ್ನು ಕೇಳಿತು. ತೆಗೆಯುವ ಕೆಲಸ ತಮ್ಮನದು. ನಾನು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಸಿಲಿಂಡರ್ ಸರಿಸುತ್ತಿದ್ದೆ. ಅವನು ದಪ್ಪ ಕೈಗವಸು ಹಾಕಿ, ಮುಖಕ್ಕೆ ಪ್ಲಾಸ್ಟಿಕ್ಕಿನ ಪರದೆ ಇಳಿಸಿಕೊಂಡು, ಟ್ಯಾಂಕಿನ ಹೊಗೆಯೊಳಗೆ ಕೈ ಹಾಕಿ ಆಂಪೂಲುಗಳನ್ನು ಸಿಕ್ಕಿಸಿದ ಲೋಹದ ಪಟ್ಟಿಯನ್ನು ಎತ್ತಿದ. ಪರದೆಗೆ ಮಂಜು ಹಿಡಿದಿತ್ತು. ನಂಬರು ಓದಲು ಪರದೆಯನ್ನು ಹಣೆಯ ಮೇಲೆ ತಳ್ಳಿ, ಒಂದು ಆಂಪೂಲ್ ಬಿಡಿಸಿ ಮುಖದ ಹತ್ತಿರ ತಂದ.

ನನಗೆ ಎಲ್ಲವೂ ಕಾಣುತ್ತಿತ್ತು. ಅದು ಯಾವ ತಟ್ಟೆಯದು ಎಂಬುದೂ ಗೊತ್ತಿತ್ತು. ಬಾಯಿ ತೆರೆದೆನೋ ಇಲ್ಲವೋ ಹೇಳಲಾರೆ. ದೀಪಾವಳಿಯಲ್ಲಿ ಡಬ್ಬಿಯೊಳಗೆ ಪಟಾಕಿ ಹೊಡೆದಂಥ ಸದ್ದು ಬಂತು. ತಮ್ಮ ಕೂಗಲಿಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಈ ಸಲ ಅವು ಏಟು ಬಿದ್ದ ಮೇಲೆ ಹೋದ ಕೈಗಳು. ಬೆರಳುಗಳ ನಡುವಿನಿಂದ ರಕ್ತ, ಅದರ ಜೊತೆ ಮೊಟ್ಟೆಯ ಲೋಳೆಯಂಥದ್ದು ಇಳಿಯುತ್ತಿತ್ತು.

ಆಟೋದಲ್ಲಿ ಕರೆದೊಯ್ದೆ. ಮೆಟ್ರೋ ಕಂಬಗಳ ಕೆಳಗೆ ಗಾಡಿಗಳು ನಿಂತುಬಿಟ್ಟಿದ್ದವು. ಆಟೋದವನು ಕನ್ನಡಿಯಲ್ಲಿ ನೋಡುತ್ತಾ, "ಆಂಖ್ ಕು ಹಾತ್ ಮತ್ ಲಗಾನೇ ದೇವ್ ಭಾಯಿ," ಅನ್ನುತ್ತಿದ್ದ, ಕಣ್ಣು ಮುಟ್ಟಲು ಬಿಡಬೇಡ ಎಂದು. ನಾನು ತಮ್ಮನ ಎರಡೂ ಮುಂಗೈ ಹಿಡಿದು ಅದುಮಿ ಕೂತಿದ್ದೆ. ಅವನು ನೋವಿಗೆ ನನ್ನ ಭುಜ ಕಚ್ಚಿದ. ಅಂಗಿ ಹರಿದು ಮಾಂಸಕ್ಕೆ ಹಲ್ಲು ಇಳಿದವು. ಇನ್ನೂ ಕಚ್ಚಲಿ ಅನ್ನಿಸಿತು.

ಕಣ್ಣಿನ ದವಾಖಾನೆಯಲ್ಲಿ ಎರಡು ಸಲ ಆಪರೇಷನ್ ಮಾಡಿ, ಕೊನೆಗೆ ಕಣ್ಣು ತೆಗೆದೇ ಬಿಟ್ಟರು.

ಆಫೀಸಿನಲ್ಲಿ ವಿಚಾರಣೆ ಆಯಿತು. ಪರದೆ ಎತ್ತಿದ್ದು ತಪ್ಪು ಎಂದರು. ತಮ್ಮ ಒಪ್ಪಿಕೊಂಡ. ಆಂಪೂಲ್ ಯಾಕೆ ಸಿಡಿಯಿತು ಎಂಬ ಪ್ರಶ್ನೆಗೆ ಮೇಡಂ, "ಪರೀಕ್ಷೆ ಮಾಡಿದ ಗಾಜಿನಲ್ಲೂ ಸಾವಿರಕ್ಕೊಂದು ಹೀಗಾಗಬಹುದು," ಎಂದರು. ನನ್ನ ಕಡೆ ನೋಡಿ, "ಅದೂ ಇವನ ಸೀಲ್. ಇವನಿಗಿಂತ ಚೆನ್ನಾಗಿ ಯಾರು ಮಾಡ್ತಾರೆ?" ಎಂದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಮನೆಯಲ್ಲಿ ಅವ್ವ ಕಣ್ಣಿನ ಪಟ್ಟಿ ಬದಲಿಸುವಾಗಲೆಲ್ಲ ಅಳುತ್ತಾ ಬೈಯುತ್ತಿದ್ದಳು. "ಆ ಪರದೆ ಯಾಕ ಎತ್ತಿದ್ಯೋ ನನ್ನಪ್ಪಾ?"

"ಮಂಜು ಹಿಡಿದಿತ್ತವ್ವಾ. ನಂಬರ್ ಕಾಣಲಿಲ್ಲ."

"ಎಷ್ಟ ಸಲ ಹೇಳೀನಿ ಇವಗ," ಎಂದು ನಾನೂ ದನಿ ಸೇರಿಸಿದೆ. "ಓದಿದಾವ್ರಿಗೆ ನಮ್ಮಂಥಾವ್ರ ಮಾತು ಎಲ್ಲಿ ಕೇಳತದ?"

ನಾನು ಈ ಮಾತು ಆಡಿದ್ದೇನೆ. ಬಾಯಿ ಮುಚ್ಚಿಕೊಂಡಿದ್ದದ್ದಕ್ಕಿಂತ ಇದು ಹೊಲಸು. ತಮ್ಮ ಉಳಿದ ಕಣ್ಣಿನಿಂದ ನನ್ನ ಕಡೆ ನೋಡಿ, "ಖರೆ ಅಣ್ಣಾ, ನಂದ ತಪ್ಪು," ಎಂದ.

ಆ ತಟ್ಟೆಯ ಉಳಿದ ಆಂಪೂಲುಗಳು ಟ್ಯಾಂಕಿನಲ್ಲೇ ಇದ್ದವು. ವಾರ ವಾರ ಅದಕ್ಕೆ ನೈಟ್ರೋಜನ್ ತುಂಬುವುದು ನನ್ನದೇ ಕೆಲಸ. ಹೊಗೆಯ ಕೆಳಗೆ ಅವು ಇವೆ, ಯಾರೋ ಒಬ್ಬರ ಮುಖಕ್ಕೆ ಕಾದಿವೆ ಎಂದು ಗೊತ್ತಿದ್ದೂ ಮೇಲಿನಿಂದ ಸುರಿಯುತ್ತಿದ್ದೆ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪಟ್ಟಿಯನ್ನು ಅರ್ಧ ಎತ್ತಿದೆ. ಆಟೋಕ್ಲೇವಿಗೆ ಹಾಕಿ ಬೇಯಿಸಿದರೆ ಮುಗಿಯಿತು. ಆದರೆ ಆ ಬೂಷ್ಟು ಬೇರೆಲ್ಲೂ ಇರಲಿಲ್ಲ, ಅದಕ್ಕೆ ಮೇಡಂ ವರ್ಷಗಟ್ಟಲೆ ದುಡಿದಿದ್ದರು. ಇದು ಯೋಚನೆ ಮಾಡಿದ್ದಲ್ಲ, ನೆಪ. ನಿಜವಾದ ಕಾರಣ, ಎಲ್ಲಿ ಹೋದವು ಎಂದು ಕೇಳುತ್ತಾರೆ ಎಂಬ ಹೆದರಿಕೆ. ಪಟ್ಟಿಯನ್ನು ಮತ್ತೆ ಇಳಿಸಿದೆ. ಇನ್ನು ಯಾರೂ ಅದನ್ನು ಕೇಳದಿರಲಿ ಎಂದು ದಿನಾ ದೇವರ ಪಟದ ಮುಂದೆ ನಿಲ್ಲುತ್ತಿದ್ದೆ.

ಕಂಪನಿಯವರು ಬಿಡಲಿಲ್ಲ. ತಮ್ಮ ಗಾಜಿನ ಕಣ್ಣು, ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಮರಳಿದ ಕೆಲವೇ ದಿನಕ್ಕೆ ಆ ಬೂಷ್ಟನ್ನು ತೆಗೆಯಲು ಮೇಡಂ ಅವನಿಗೇ ಹೇಳಿದರು. ಬೇರೆಯವರಿಗೆ ಕೊಡಲೇ ಎಂದು ಕೇಳಿದರಂತೆ. ಇವನೇ, "ಇಲ್ಲ ಮೇಡಂ, ನಾನೇ ತೆಗೀತೀನಿ. ಇಲ್ಲದಿದ್ರೆ ಹೆದರಿಕೆ ಹೋಗಲ್ಲ," ಎಂದನಂತೆ.

ಅವನು ಕೈಗವಸು ಎಳೆದುಕೊಳ್ಳುವಾಗ ನಾನು ಬಾಗಿಲಲ್ಲಿದ್ದೆ.

"ಅದನ್ನ ಮುಟ್ಟಬ್ಯಾಡ."

"ಈ ಸಲ ಪರದೆ ಎತ್ತಂಗಿಲ್ಲ, ಬಿಡು."

"ಮುಟ್ಟಬ್ಯಾಡ ಅಂದೆ. ಸರಿ ಆಕಡೆ."

"ಯಾಕ ಅಣ್ಣಾ? ನನ್ನ ಕೈಯಾಗ ಆಗಂಗಿಲ್ಲೇನು?" ಎಂದು ಅವನು ಟ್ಯಾಂಕಿನ ಮುಚ್ಚಳ ಎತ್ತಿದ. ಬಿಳಿ ಹೊಗೆ ಅವನ ಎದೆಯ ತನಕ ಏರಿತು.

ಹೇಳಲು ಬಾಯಿ ಇತ್ತು. ಆದರೆ ನನಗೆ ಮೊದಲು ಬರುವುದು ಕೈ. ಹಿಂದಿನಿಂದ ಕಾಲರ್ ಹಿಡಿದು ಎಳೆದು ಬೀಸಿದೆ. ಅವನು ಕಬ್ಬಿಣದ ಟ್ರಾಲಿಗೆ ಬಡಿದು ಬಿದ್ದ, ಹಣೆ ಒಡೆಯಿತು, ಕಪ್ಪು ಕನ್ನಡಕ ಚೂರಾಯಿತು. ಮೇಲೆ ಹೋಗಿ ನಿಂತೆ. ಅವನು ಮೊಣಕಾಲು ಮಡಚಿ, ಎರಡೂ ಅಂಗೈಯನ್ನು ಕಣ್ಣುಗಳಿಗೆ ಒತ್ತಿಕೊಂಡ. ಒಂದು ಇರುವ ಕಣ್ಣು, ಒಂದು ಇಲ್ಲದ ಕಣ್ಣು.

"ಕಣ್ಣಿಗೆ ಬ್ಯಾಡ ಅಣ್ಣಾ," ಎಂದ.

ಆಗ ಬಾಯಿ ಬಿಟ್ಟೆ. "ನೀಲಿ ನೀರಿಗೆ ಹಾಕಿಲ್ಲ ಅವನ್ನ."

"ಏನು?"

"ಆ ತಟ್ಟೆ. ನಿನಗ ಹೊಡದ ದಿನದ್ದು. ಒಂದೂ ಹಾಕಿಲ್ಲ. ಹಾಕೀನಿ ಅಂತ ಸುಳ್ಳು ಹೇಳಿದೆ."

ಅವನು ಕೈ ಇಳಿಸಿದ. ಹಣೆಯ ರಕ್ತ ಹುಬ್ಬಿನ ಮೇಲಿನಿಂದ ಗಾಜಿನ ಕಣ್ಣಿಗೆ ಇಳಿಯಿತು. ಆ ಕಣ್ಣು ರೆಪ್ಪೆ ಬಡಿಯಲಿಲ್ಲ. ಎದ್ದ. ಟ್ರಾಲಿಯ ಮೇಲೆ ಪಟ್ಟಿ ಎತ್ತುವ ಉದ್ದನೆಯ ಉಕ್ಕಿನ ಚಿಮಟವಿತ್ತು. ಅದನ್ನು ತೆಗೆದುಕೊಂಡು ನನ್ನ ಬಾಯಿಗೆ ಹೊಡೆದ. ಜೀವನದಲ್ಲಿ ಅವನು ನನಗೆ ಹೊಡೆದದ್ದು ಅದೇ ಮೊದಲು. ಹಲ್ಲು ಮುರಿದದ್ದು ನಾಲಿಗೆಗೆ ಗೊತ್ತಾಯಿತು. ಭುಜಕ್ಕೆ ಹೊಡೆದ, ಮಡಚದ ಮೊಣಕೈಗೆ ಹೊಡೆದ, ಬಿದ್ದ ಮೇಲೆ ಬೆನ್ನಿಗೆ ಹೊಡೆದ. ನಾನು ಕೈ ಅಡ್ಡ ಹಿಡಿಯಲಿಲ್ಲ. ಮುಖ ತೆರೆದೇ ಇಟ್ಟಿದ್ದೆ. ಅವನು ಕಣ್ಣಿಗೆ ಹೊಡೆಯಲಿಲ್ಲ.

ಸದ್ದು ಕೇಳಿ ಮೇಡಂ ಓಡಿ ಬಂದರು. ತಮ್ಮ ಚಿಮಟ ಕೆಳಗಿಟ್ಟು, ಉಸಿರು ತಹಬಂದಿಗೆ ತಂದುಕೊಂಡು ನನಗೆ, "ಹೇಳು," ಎಂದ. ನೆಲದ ಮೇಲೆ ಕೂತೇ ಹೇಳಿದೆ. ಬಾಯಿ ತುಂಬ ರಕ್ತವಿದ್ದದ್ದರಿಂದ ಎರಡು ಸಲ ಹೇಳಬೇಕಾಯಿತು. ಮೇಡಂ ನನ್ನನ್ನು ಬೈಯಲಿಲ್ಲ. ನನ್ನ ಕೈಗಳನ್ನು ನೋಡಿದರು, ಮುಖ ಪಕ್ಕಕ್ಕೆ ತಿರುಗಿಸಿದರು.

ತಮ್ಮ ಹಣೆಗೆ ಕರವಸ್ತ್ರ ಒತ್ತಿಕೊಂಡು, ಪರದೆ ಇಳಿಸಿ, ಆ ಪಟ್ಟಿಯನ್ನು ನೈಟ್ರೋಜನ್ನಿನಿಂದ ಒಂದಿಷ್ಟು ಮೇಲೆತ್ತಿ ಟ್ಯಾಂಕಿನ ಕತ್ತಿನಲ್ಲಿ, ಬರೀ ಹೊಗೆಯಿರುವ ಕಡೆ, ತಂತಿಯಿಂದ ತೂಗುಬಿಟ್ಟ. ಮರುದಿನದ ತನಕ ಹಾಗೇ ಇರಲಿ ಎಂದ. ಸಂದಿನೊಳಗೆ ಸೇರಿದ್ದು ಅಲ್ಲಿ ನಿಧಾನಕ್ಕೆ ಆರಿಹೋಗುತ್ತದೆ, ಒಳಗಿನ ಜೀವಕ್ಕೆ ಏನೂ ಆಗುವುದಿಲ್ಲ. ಮರುದಿನ ದಪ್ಪ ಪ್ಲಾಸ್ಟಿಕ್ಕಿನ ತಡೆಯ ಹಿಂದೆ ನಿಂತು ಒಂದೊಂದಾಗಿ ತೆಗೆದರು. ಒಂದು ಮಾತ್ರ ಬಿರುಕು ಬಿಟ್ಟು, ಬೀಡಿ ನೀರಿಗೆ ಹಾಕಿದಷ್ಟು ಸದ್ದು ಮಾಡಿತು. ಉಳಿದವು ಹಾಗೇ ಬಂದವು. ಮೊದಲನೆಯದರಿಂದಲೇ ಕೆಲವು ದಿನಕ್ಕೆ ಬೂಷ್ಟು ಗಾಜಿನ ತಟ್ಟೆಯ ಮೇಲೆ ಬೆಳ್ಳಗೆ ಎದ್ದು ಬಂತು. ಕಂಪನಿಗೆ ಹೋಯಿತು.

ಅಂದರೆ, ಮೊದಲ ಸಲವೂ ಇಷ್ಟೇ ಸಾಕಾಗುತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಒಂದು ದಿನ ತೂಗುಬಿಟ್ಟು ಆಮೇಲೆ ತೆಗೆಯುತ್ತಿದ್ದರು.

ಆಂಪೂಲುಗಳನ್ನು ಹೊರತೆಗೆದ ದಿನ ಸಂಜೆ ಇಬ್ಬರೂ ಒಟ್ಟಿಗೇ ಮನೆಗೆ ಹೊರಟೆವು. ಅವನ ಹಣೆಗೆ ಪಟ್ಟಿ, ನನ್ನ ತುಟಿಗೆ ಹೊಲಿಗೆ. ಉಪ್ಪಲ್ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಅವನು ನಿಂತ.

"ನಿನ್ನೆ ಟ್ಯಾಂಕಿಗೆ ಕೈ ಹಾಕಿದಾವ ನಾ ಅಲ್ದ ಬ್ಯಾರೆ ಯಾರರ ಆಗಿದ್ದರ, ಹೇಳತಿದ್ದೇನು?"

ಜನ ನಮ್ಮಿಬ್ಬರನ್ನೂ ತಳ್ಳಿಕೊಂಡು ಹತ್ತುತ್ತಿದ್ದರು. ಹೌದು ಎನ್ನಲು ಬಾಯಿ ತೆರೆದೆ. ಹೊಲಿಗೆ ಎಳೆಯಿತು. ಸುಳ್ಳು ಹೇಳಲು ಬಹುಶಃ ಅದೊಂದೇ ಅಡ್ಡಿ ಇತ್ತು. ಅವನು ಮೆಟ್ಟಿಲು ಹತ್ತಿದ.

ನನ್ನನ್ನು ಸೀಲ್ ಮಾಡುವ ಕೆಲಸದಿಂದ ತೆಗೆದು ಮತ್ತೆ ಆಟೋಕ್ಲೇವಿಗೆ ಹಾಕಿದರು, ಬಡ್ತಿ ನಿಲ್ಲಿಸಿದರು. ಕೆಲಸದಿಂದ ಪೂರ್ತಿ ತೆಗೆಯದಂತೆ ಬರೆದುಕೊಟ್ಟವನು ತಮ್ಮನೇ ಎಂದು ಆಮೇಲೆ ಗೊತ್ತಾಯಿತು. ಈಗ ಗಾಜಿನ ಆಂಪೂಲಿನ ಬದಲು ಪ್ಲಾಸ್ಟಿಕ್ಕಿನ ಕೊಳವೆಗಳು ಬಂದಿವೆ. ಅವ್ವನಿಗೆ ನಾನೇ ಎಲ್ಲ ಹೇಳಿದೆ. ಅವಳು ಒಲೆಯ ಕಡೆ ಮುಖ ತಿರುಗಿಸಿ ಕೂತಳು, ಅಪ್ಪ ಬೆಲ್ಟು ಬಿಚ್ಚುವಾಗ ಕೂಡುತ್ತಿದ್ದ ಹಾಗೆ.

ತಮ್ಮ ಈಗಲೂ ನನ್ನ ಜೊತೆಯೇ ಕೆಲಸಕ್ಕೆ ಹೋಗುತ್ತಾನೆ, ಜೊತೆಯೇ ಬರುತ್ತಾನೆ. ಒಂದೇ ಡಬ್ಬಿಯ ರೊಟ್ಟಿ ತಿನ್ನುತ್ತೇವೆ. ರಸ್ತೆಯಲ್ಲಿ ಅವನಿಗೆ ಎಡಗಡೆಯ ಗಾಡಿ ಕಾಣುವುದಿಲ್ಲ, ಹಾಗಾಗಿ ನಾನು ಅವನ ಎಡಕ್ಕೆ ನಡೆಯಲು ಹೋಗುತ್ತೇನೆ. ಅವನು ನಿಂತುಬಿಡುತ್ತಾನೆ, ನಾನು ಸುತ್ತು ಹಾಕಿ ಬಲಕ್ಕೆ, ಅವನಿಗೆ ನಾನು ಕಾಣುವ ಕಡೆಗೆ, ಬರುವ ತನಕ.